ಆತ್ಮಸಾಕ್ಷಿಗೆ ಬೆಲೆ ತೆತ್ತವರಾರು?



ರಾಷ್ಟ್ರಪತಿ ಚುನಾವಣೆ ಬಂದಾಗಲೆಲ್ಲ ‘ಆತ್ಮಸಾಕ್ಷಿಯ ಮತ’ ಎಂಬ ಮಾತು ಮರುಜೀವ ಪಡೆಯುತ್ತದೆ. 2017ರಲ್ಲಿ ಮೀರಾ ಕುಮಾರ್ ಅವರೂ 2022ರಲ್ಲಿ ಯಶವಂತ ಸಿನ್ಹಾ ಅವರೂ ಇದೇ ಕರೆ ಕೊಟ್ಟರು. ಈ ಮಾತಿಗೆ ಕೀರ್ತಿ ಬಂದದ್ದು 1969ರ ಚುನಾವಣೆಯಿಂದ. ಆ ಚುನಾವಣೆಯನ್ನು ಆತ್ಮಸಾಕ್ಷಿಯ ವಿಜಯವೆಂದು ಕೊಂಡಾಡುವವರು ಇಂದಿಗೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಮತದಾನದ ಹಕ್ಕು ಬಂದಂದಿನಿಂದಲೂ ನಾನು ಸಂಪ್ರದಾಯಪರ ಮತದಾರ. ಅಂದರೆ, ಮನೆಯ ಕಂಬವೊಂದನ್ನು ಕೀಳುವ ಮುನ್ನ ಅದು ಯಾವ ತೊಲೆಯನ್ನು ಹೊತ್ತಿದೆಯೆಂದು ತಲೆಯೆತ್ತಿ ನೋಡಬೇಕೆನ್ನುವವನು. ಆ ದೃಷ್ಟಿಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸಂಗತಿಗಳನ್ನು ನೋಡೋಣ. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ನಿಧನರಾದರು. ಉಪರಾಷ್ಟ್ರಪತಿ ವಿ.ವಿ. ಗಿರಿಯವರು ಹಂಗಾಮಿಯಾಗಿ ಅಧಿಕಾರ ವಹಿಸಿಕೊಂಡರು. ಇವರು ಅದಕ್ಕೂ ಮೊದಲು ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜುಲೈನಲ್ಲಿ ಕಾಂಗ್ರೆಸ್ ಮಹಾಸಮಿತಿ ನಮ್ಮ ಬೆಂಗಳೂರಿನಲ್ಲಿಯೇ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಎಸ್. ನಿಜಲಿಂಗಪ್ಪನವರು ಪಕ್ಷದ ಅಧ್ಯಕ್ಷರು. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ ರಾಮ್ ಅವರ ಹೆಸರನ್ನು ಮುಂದಿಟ್ಟರೂ ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರು ಸ್ವತಃ ಇಂದಿರಾ ಗಾಂಧಿಯವರೇ! ಮತದಾನ ಸಮೀಪಿಸಿದಾಗ, ಆತ್ಮಸಾಕ್ಷಿಯಂತೆ ಮತ ಹಾಕಿರೆಂಬ ಕರೆ ಹೊರಟದ್ದೂ ಅವರ ಪಾಳಯದಿಂದಲೇ.

ಆಗಸ್ಟ್ 16ರಂದು ಮತದಾನವಾಯಿತು, 20ರಂದು ಎಣಿಕೆ. ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸ್ವತಂತ್ರ ಪಕ್ಷ ಮತ್ತು ಜನಸಂಘಗಳು ಬೆಂಬಲಿಸಿದ್ದ ಸಿ.ಡಿ. ದೇಶಮುಖರಿಗೆ 1,12,769 ಮತಮೌಲ್ಯ ದೊರೆಯಿತು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರಲಿಲ್ಲ. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಸೇರಿಸಿದ ಮೇಲೆ ಗಿರಿಯವರು 4,20,077, ರೆಡ್ಡಿಯವರು 4,05,427. ಅಂತರ ಕೇವಲ 14,650.

ನನ್ನ ಮೊದಲ ಆಕ್ಷೇಪ ಪ್ರಚಾರದ ರೀತಿಯನ್ನು ಕುರಿತದ್ದು. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಕಿತ್ತುಕೊಳ್ಳಲಾಯಿತು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಟಿತು. ಸಂಸತ್ತಿನ ಅಧಿವೇಶನಕ್ಕೆ ಉಳಿದಿದ್ದುದು ಎರಡೇ ದಿನ. ಆ ಎರಡು ದಿನ ಕಾಯಬಾರದಿತ್ತೇ? ಸುಗ್ರೀವಾಜ್ಞೆಗೆ ಸಹಿ ಹಾಕಿದ ಗಿರಿಯವರು ಮರುದಿನವೇ ರಾಜೀನಾಮೆಯಿತ್ತು ಕಣಕ್ಕಿಳಿದರು. ಅಲ್ಲಿಂದ ಮುಂದೆ ರೆಡ್ಡಿ ಎಂದರೆ ಧನಿಕರ ಪಕ್ಷ, ಗಿರಿ ಎಂದರೆ ಬಡವರ ಪಕ್ಷ ಎಂಬಂತಾಯಿತು. ಬ್ಯಾಂಕಿನ ಶಾಖೆಗಳು ಹಳ್ಳಿಗಳಿಗೆ ಬಂದದ್ದರಿಂದ ರೈತರಿಗೆ ಉಪಕಾರವಾಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬ್ಯಾಂಕು ಯಾರ ಕೈಯಲ್ಲಿರಬೇಕೆಂಬುದು ಸಂಸತ್ತು ತೀರ್ಮಾನಿಸಬೇಕಾದ ವಿಷಯ. ರಾಷ್ಟ್ರಪತಿಯ ಯೋಗ್ಯತೆಯನ್ನು ಅಳೆಯುವ ಕೋಲಲ್ಲ. ಆ ಗದ್ದಲದಲ್ಲಿ ರಿಸರ್ವ್ ಬ್ಯಾಂಕಿನ ಪ್ರಥಮ ಭಾರತೀಯ ಗವರ್ನರರೂ ಮಾಜಿ ಹಣಕಾಸು ಸಚಿವರೂ ಆಗಿದ್ದ ದೇಶಮುಖರ ಯೋಗ್ಯತೆಯನ್ನು ತೂಗಿ ನೋಡಲು ಯಾರಿಗೂ ವ್ಯವಧಾನವಿರಲಿಲ್ಲ. ಅದರ ಮೇಲೆ, ರೆಡ್ಡಿಯವರ ಶೀಲವನ್ನೇ ಹಳಿಯುವ ಅನಾಮಧೇಯ ಕರಪತ್ರವೊಂದು ಸಂಸತ್ತಿನ ಸೆಂಟ್ರಲ್ ಹಾಲಿನವರೆಗೂ ಹರಿದಾಡಿತು. ಈ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ರಾಷ್ಟ್ರಪತಿಗಳೇ ಸಾಕ್ಷಿ ಹೇಳಬೇಕಾಯಿತು. 1970ರಲ್ಲಿ ಅರ್ಜಿ ವಜಾ ಆಯಿತು. ಕಾನೂನಿನ ದೃಷ್ಟಿಯಲ್ಲಿ ಗೆಲುವು ಗೆಲುವೇ. ಆದರೆ ಪರಮೋನ್ನತ ಪದವಿಯ ಚುನಾವಣೆ ಅಷ್ಟು ಕೆಳಗಿಳಿದದ್ದು ಗೌರವದ ಸಂಗತಿಯೇ?

ಎರಡನೆಯ ಆಕ್ಷೇಪ ಇನ್ನೂ ಮುಖ್ಯವಾದದ್ದು. “ರಾಷ್ಟ್ರಪತಿ ಚುನಾವಣೆ ಗುಪ್ತ ಮತದಾನ, ವಿಪ್ ಇಲ್ಲ, ಸದಸ್ಯರು ಸ್ವತಂತ್ರರು” ಎಂದು ವಾದಿಸುವವರಿದ್ದಾರೆ. ನಿಜ. ಸಾಮಾನ್ಯ ಸದಸ್ಯನೊಬ್ಬನು ತನಗೆ ಸರಿಕಂಡವರಿಗೆ ಮತ ಹಾಕಿದರೆ ನನ್ನ ತಕರಾರಿಲ್ಲ. ಸೂಚಕರಾಗಿ ಸಹಿ ಹಾಕಿದವರ ಮಾತು ಬೇರೆ. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯಕ್ಕಾಗಿ ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡರು; ತಮ್ಮನ್ನು ಪದಚ್ಯುತಗೊಳಿಸುವ ಸಂಚು ಅದರಲ್ಲಿದೆ ಎಂಬುದು ಇಂದಿರಾ ಅವರ ಕಡೆಯವರ ವಾದ. ಹಾಗೆಯೇ ಇರಲಿ. ಸಂಶಯವಿದ್ದಿದ್ದರೆ ಸಹಿ ಹಾಕದಿರಬಹುದಿತ್ತು. ಹಾಕಿದ ಮೇಲೆ ಸಂಶಯ ಹುಟ್ಟಿದ್ದರೆ ರಾಜೀನಾಮೆಯಿತ್ತು ಜನರ ಮುಂದೆ ನಿಲ್ಲಬಹುದಿತ್ತು. ಪದವಿಯನ್ನೂ ಉಳಿಸಿಕೊಂಡು, ಪಕ್ಷಕ್ಕೆ ಕೊಟ್ಟ ಸಹಿಯನ್ನೂ ಹುಸಿಗೊಳಿಸಿ, ಅದನ್ನು ಆತ್ಮಸಾಕ್ಷಿಯೆಂದು ಕರೆಯುವುದು ಆ ಪದಕ್ಕೆ ಮಾಡಿದ ಅಪಚಾರ.

ಆತ್ಮಸಾಕ್ಷಿ ಎಂದರೇನೆಂದು ತೋರಿಸಿದವರು ಅದೇ ಕಣದಲ್ಲಿದ್ದರು. 1956ರಲ್ಲಿ ಬೊಂಬಾಯಿಯ ಪ್ರಶ್ನೆಯಲ್ಲಿ ನೆಹರೂ ಸರ್ಕಾರದೊಡನೆ ಭಿನ್ನಾಭಿಪ್ರಾಯ ಬಂದಾಗ ದೇಶಮುಖರು ಹಣಕಾಸು ಸಚಿವ ಪದವಿಯನ್ನೇ ತ್ಯಜಿಸಿದರು. ನ್ಯಾಯವಾಗಿ ಹೇಳಬೇಕೆಂದರೆ ಗಿರಿಯವರೂ 1954ರಲ್ಲಿ, ಬ್ಯಾಂಕ್ ನೌಕರರ ವೇತನದ ತೀರ್ಪನ್ನು ಸರ್ಕಾರ ಬದಲಿಸಿದಾಗ ಕಾರ್ಮಿಕ ಸಚಿವ ಸ್ಥಾನವನ್ನು ಬಿಟ್ಟುಬಂದವರು. ನಮ್ಮ ಪುಣ್ಯಕೋಟಿಯ ಕಥೆಯನ್ನು ನಿಮಗೆಲ್ಲ ನೆನಪಿಸಬೇಕಾಗಿಲ್ಲ. ಆಕೆ ಹುಲಿಯ ಮುಂದೆ ಇಟ್ಟದ್ದು ತನ್ನ ಪ್ರಾಣವನ್ನು, ನೆರೆಯ ಹಸುವಿನ ಪ್ರಾಣವನ್ನಲ್ಲ. ಆತ್ಮಸಾಕ್ಷಿಯ ಬೆಲೆಯನ್ನು ಅದನ್ನು ಹೇಳುವವರೇ ತೆರಬೇಕು. 1969ರಲ್ಲಿ ಆ ಬೆಲೆಯನ್ನು ರೆಡ್ಡಿಯವರಿಂದ ತೆರಿಸಲಾಯಿತು.

ನವೆಂಬರಿನಲ್ಲಿ ಪಕ್ಷ ಇಬ್ಭಾಗವಾಯಿತು. 1975ರ ಜೂನ್ 25ರ ರಾತ್ರಿ ಮಂತ್ರಿಮಂಡಲ ಸೇರುವ ಮೊದಲೇ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. 1969 ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ರಾಷ್ಟ್ರಪತಿ ಭವನಕ್ಕೆ ಪ್ರಧಾನಿಗೆ ಒಗ್ಗುವವರೇ ಬೇಕೆಂಬ ಹಟ ಬೇರೂರಿದ ವರ್ಷ ಅದು. ಆ ಹಟ ಈಗ ಯಾವ ಪಕ್ಷದಲ್ಲಿಯೂ ಇಲ್ಲವೆನ್ನುವಂತಿಲ್ಲ. ನಾನು ಮತ ಹಾಕುವ ಪಕ್ಷದಲ್ಲಿಯೂ ಅಷ್ಟೆ.

ಸೋತ ಸಂಜೀವ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಗಳಾದರು. ಅದು ಅವರ ಪಾಲಿನ ನ್ಯಾಯ. ಆ ಪದಕ್ಕೆ ನ್ಯಾಯ ಇನ್ನೂ ದೊರೆತಿಲ್ಲ. ಮುಂದಿನ ಸಲ ಯಾರಾದರೂ ಆತ್ಮಸಾಕ್ಷಿಯ ಹೆಸರಿನಲ್ಲಿ ಮತ ಕೇಳಿದರೆ, ಅದಕ್ಕಾಗಿ ಅವರು ತಮ್ಮದೇನನ್ನು ಬಿಟ್ಟುಕೊಟ್ಟಿದ್ದಾರೆಂದು ಕೇಳಿ. ಉತ್ತರ ಬಂದರೆ ಗೌರವಿಸಿ, ಬಾರದಿದ್ದರೆ ಅದು ಲೆಕ್ಕಾಚಾರವೆಂದು ತಿಳಿಯಿರಿ.