ಕುಲಪತಿ ಪೀಠದಲ್ಲಿ ಪ್ರಾಧ್ಯಾಪಕರೋ, ವ್ಯವಸ್ಥಾಪಕರೋ?

2006ರ ನವೆಂಬರ್ 28. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಶೆಲ್ಡೋನಿಯನ್ ಸಭಾಮಂದಿರದಲ್ಲಿ ವಿಶ್ವವಿದ್ಯಾಲಯದ ಮಹಾಸಭೆ ಸೇರಿತ್ತು. ಅಧ್ಯಾಪಕರು ಹಾಗೂ ಹಿರಿಯ ಅಧಿಕಾರಿಗಳನ್ನು ಒಳಗೊಂಡ ಈ ಸಭೆಯೇ ಅಲ್ಲಿ ಪರಮಾಧಿಕಾರ ಹೊಂದಿರುವ ಸಂಸ್ಥೆ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ಹೊರಗಿನವರ ಕೈ ಮೇಲಾಗಬೇಕೆಂಬ ಪ್ರಸ್ತಾವ ಅದರ ಮುಂದಿತ್ತು. ಅದಕ್ಕೆ ಒತ್ತಾಸೆಯಾಗಿ ನಿಂತವರು ಸ್ವತಃ ಕುಲಪತಿ ಜಾನ್ ಹುಡ್. ಮತ ಎಣಿಸಿದಾಗ ಪ್ರಸ್ತಾವದ ಪರ 456, ವಿರುದ್ಧ 730. ಮುಂದಿನ ತಿಂಗಳು ನಡೆದ ಅಂಚೆ ಮತದಾನದಲ್ಲಿಯೂ 997ಕ್ಕೆ ಎದುರಾಗಿ 1,540 ಮತಗಳಿಂದ ಅದು ಬಿದ್ದುಹೋಯಿತು.

ಹುಡ್ ಅವರ ಹಿನ್ನೆಲೆಯನ್ನು ಗಮನಿಸಿದರೆ ಈ ಸೋಲಿನ ಮಹತ್ವ ಅರಿವಾಗುತ್ತದೆ. ನ್ಯೂಜಿಲೆಂಡಿನವರಾದ ಅವರು ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದವರು. ಆದರೆ ವೃತ್ತಿಜೀವನದ ಬಹುಭಾಗವನ್ನು ಕಳೆದದ್ದು ಫ್ಲೆಚರ್ ಚಾಲೆಂಜ್ ಎಂಬ ಬೃಹತ್ ಉದ್ಯಮ ಸಮೂಹದಲ್ಲಿ. ಅಲ್ಲಿಂದ ಆಕ್ಲೆಂಡ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ, 2004ರಲ್ಲಿ ಆಕ್ಸ್‌ಫರ್ಡ್‌ಗೆ ಬಂದರು. ಆಕ್ಸ್‌ಫರ್ಡ್‌ನ ಒಂಬತ್ತು ಶತಮಾನಗಳ ಇತಿಹಾಸದಲ್ಲಿ ತನ್ನದೇ ವಿದ್ವತ್ ವರ್ಗದ ಹೊರಗಿನಿಂದ ಆಯ್ಕೆಯಾದ ಮೊದಲ ಕುಲಪತಿ ಅವರು. 2009ರಲ್ಲಿ, ಐದು ವರ್ಷಗಳ ಅವಧಿ ಮುಗಿದೊಡನೆ ನಿರ್ಗಮಿಸಿದರು.

‘ಕಂಪನಿ ನಡೆಸಿದವರಿಗೆ ವಿದ್ಯಾಲಯ ನಡೆಸಲು ಬರುವುದಿಲ್ಲ’ ಎಂಬುದು ಈ ಪ್ರಕರಣದಿಂದ ಹಲವರು ತೆಗೆದ ತೀರ್ಮಾನ. ಯುರೋಪಿನ ಇತರ ದೇಶಗಳ ಅನುಭವವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆ ತೀರ್ಮಾನ ಅವಸರದ್ದೆನಿಸುತ್ತದೆ. ಇಂಥದೇ ಪ್ರಶ್ನೆ 2025ರಲ್ಲಿ ಭಾರತದಲ್ಲಿಯೂ ಎದ್ದಿರುವುದರಿಂದ ಈ ಅನುಭವ ನಮಗೂ ಪ್ರಸ್ತುತ.

ಎರಡು ಪರಂಪರೆಗಳು

ಯುರೋಪಿನಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥರನ್ನು ಆರಿಸುವ ವಿಧಾನ ಒಂದೇ ಬಗೆಯದಲ್ಲ. ಇಟಲಿ, ಸ್ಪೇನ್‌ಗಳಲ್ಲಿ ರೆಕ್ಟರ್ ಎಂದರೆ ಸಹೋದ್ಯೋಗಿಗಳ ಮತದಿಂದ ಗೆದ್ದುಬಂದ ಪ್ರಾಧ್ಯಾಪಕ. ಇಟಲಿಯ 2010ರ ಕಾಯ್ದೆ ಆ ಹುದ್ದೆಗೆ ಆರು ವರ್ಷಗಳ ಒಂದೇ ಅವಧಿಯ ಮಿತಿ ಹಾಕಿತು. 2023ರಲ್ಲಿ ಸ್ಪೇನ್ ಕೂಡ ಅದೇ ಹಾದಿ ಹಿಡಿಯಿತು. ಅವಧಿ ಮುಗಿದ ಮೇಲೆ ಮರಳಿ ತರಗತಿಗೆ ಹೋಗಬೇಕಾದವರು ಸಹೋದ್ಯೋಗಿಗಳ ಮನಸ್ಸು ನೋಯಿಸುವ ನಿರ್ಧಾರ ಕೈಗೊಳ್ಳಲಾರರು ಎಂಬುದು ಈ ಪದ್ಧತಿಯ ಬಗೆಗಿನ ಹಳೆಯ ಆಕ್ಷೇಪ.

ಈ ಆಕ್ಷೇಪವನ್ನೇ ಮುಂದಿಟ್ಟುಕೊಂಡು ಉತ್ತರದ ದೇಶಗಳು ಬೇರೆ ದಾರಿ ತುಳಿದವು. ನೆದರ್ಲೆಂಡ್ಸ್ 1997ರಲ್ಲಿ, ಆಸ್ಟ್ರಿಯ 2002ರಲ್ಲಿ, ಡೆನ್ಮಾರ್ಕ್ 2003ರಲ್ಲಿ ಕಾಯ್ದೆ ಬದಲಿಸಿ, ಅಧಿಕಾರವನ್ನು ಹೊರಗಿನ ಸದಸ್ಯರಿರುವ ಮಂಡಳಿಗಳತ್ತ ವರ್ಗಾಯಿಸಿದವು. ಡೆನ್ಮಾರ್ಕ್‌ನಲ್ಲಿ ರೆಕ್ಟರ್ ಚುನಾವಣೆಯೇ ನಿಂತು, ಹೊರಗಿನವರ ಬಹುಮತವಿರುವ ಮಂಡಳಿ ನೇಮಕ ಮಾಡುವ ಪದ್ಧತಿ ಬಂತು. ಆದರೂ ರೆಕ್ಟರ್ ಆಗುವವರು ಮಾನ್ಯತೆ ಪಡೆದ ಸಂಶೋಧಕರಾಗಿರಬೇಕೆಂಬ ಷರತ್ತನ್ನು ಆ ಕಾಯ್ದೆ ಉಳಿಸಿಕೊಂಡಿತೆಂಬುದು ಗಮನಾರ್ಹ.

ಬ್ರಿಟನ್: ಬ್ಯಾಂಕಿನಿಂದ ಬಂದವರು

ಬ್ರಿಟನ್ನಿನಲ್ಲಿ ಕುಲಪತಿಯನ್ನು ‘ಮುಖ್ಯ ಕಾರ್ಯನಿರ್ವಾಹಕ’ನಂತೆ ಕಾಣಬೇಕೆಂದು 1985ರ ಜಾರಟ್ ಸಮಿತಿ ವರದಿ ಶಿಫಾರಸು ಮಾಡಿತ್ತು. ಅದರ ಫಲ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿ ಢಾಳಾಗಿ ಕಾಣುತ್ತದೆ. 2003ರಲ್ಲಿ ಅಲ್ಲಿ ನಿರ್ದೇಶಕರಾದ ಹೋವರ್ಡ್ ಡೇವಿಸ್, ಬ್ಯಾಂಕ್ ಆಫ್ ಇಂಗ್ಲೆಂಡಿನ ಉಪ ಗವರ್ನರ್ ಹಾಗೂ ದೇಶದ ಹಣಕಾಸು ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷರಾಗಿದ್ದವರು. 2017ರಲ್ಲಿ ಬಂದ ಮಿನೂಶ್ ಶಫೀಕ್ ವಿಶ್ವಬ್ಯಾಂಕ್, ಅಂತರರಾಷ್ಟ್ರೀಯ ಹಣಕಾಸು ನಿಧಿ ಹಾಗೂ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಉನ್ನತ ಹುದ್ದೆ ನಿಭಾಯಿಸಿದ್ದ ಅರ್ಥಶಾಸ್ತ್ರಜ್ಞೆ. ಇವರಿಬ್ಬರ ನಡುವೆ ಪೂರ್ಣಾವಧಿ ನಿರ್ದೇಶಕರಾಗಿದ್ದವರು ಸಮಾಜಶಾಸ್ತ್ರಜ್ಞ ಕ್ರೇಗ್ ಕ್ಯಾಲ್‌ಹೂನ್.

ಲಿಬಿಯದ ಆಡಳಿತಗಾರ ಗಡಾಫಿ ಅವರ ಪುತ್ರ ನಡೆಸುತ್ತಿದ್ದ ಪ್ರತಿಷ್ಠಾನದಿಂದ ದೇಣಿಗೆ ಸ್ವೀಕರಿಸಿದ ವಿವಾದದಲ್ಲಿ ಡೇವಿಸ್ 2011ರ ಮಾರ್ಚ್‌ನಲ್ಲಿ ರಾಜೀನಾಮೆ ನೀಡಿದರು. ಹೊರಗಿನವರನ್ನು ತಂದುದರ ಫಲವಿದು ಎನ್ನುವಂತಿಲ್ಲ. ಅದೇ ವರ್ಷ ಪ್ರಕಟವಾದ, ನ್ಯಾಯಮೂರ್ತಿ ವುಲ್ಫ್ ಅವರ ವಿಚಾರಣಾ ವರದಿ ಸಂಸ್ಥೆಯ ಹಲವು ಹಂತಗಳಲ್ಲಿ ಲೋಪಗಳನ್ನು ಎತ್ತಿ ತೋರಿಸಿತು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಬಾತ್ ವಿಶ್ವವಿದ್ಯಾಲಯದ್ದು. ಅಲ್ಲಿ ದೀರ್ಘಕಾಲ ಕುಲಪತಿಯಾಗಿದ್ದ ಗ್ಲಿನಿಸ್ ಬ್ರೇಕ್‌ವೆಲ್ ಸಾಮಾಜಿಕ ಮನೋವಿಜ್ಞಾನದ ಪ್ರಾಧ್ಯಾಪಕಿ; ಅಪ್ಪಟ ಶೈಕ್ಷಣಿಕ ಹಿನ್ನೆಲೆಯವರು. ಅವರ ವಾರ್ಷಿಕ ವೇತನ 4,68,000 ಪೌಂಡ್ ತಲುಪಿದ್ದು 2017ರಲ್ಲಿ ದೇಶದಾದ್ಯಂತ ಸುದ್ದಿಯಾಯಿತು. ವೇತನ ನಿರ್ಧರಿಸುವ ಸಮಿತಿಯ ಪಾರದರ್ಶಕತೆಯನ್ನು ಪ್ರಶ್ನಿಸಿದ ಖಂಡನಾ ನಿರ್ಣಯ ವಿಶ್ವವಿದ್ಯಾಲಯದ ಸಭೆಯಲ್ಲಿ ಕೂದಲೆಳೆಯ ಅಂತರದಿಂದ ಬಿದ್ದುಹೋಗಿತ್ತು. ಕುಲಪತಿ ಹಾಗೂ ವೇತನ ಸಮಿತಿಯವರು ಆ ಮತದಾನದಲ್ಲಿ ತಾವೂ ಪಾಲ್ಗೊಂಡಿದ್ದನ್ನು ಉನ್ನತ ಶಿಕ್ಷಣ ಅನುದಾನ ಮಂಡಳಿ ಟೀಕಿಸಿತು. ಬ್ರೇಕ್‌ವೆಲ್ ಹುದ್ದೆ ತೊರೆಯುವುದಾಗಿ ಘೋಷಿಸಬೇಕಾಯಿತು. ಪ್ರಾಧ್ಯಾಪಕರೆಂದ ಮಾತ್ರಕ್ಕೆ ಕಾರ್ಪೊರೇಟ್ ನಡವಳಿಕೆ ಅಂಟುವುದಿಲ್ಲವೆಂದೇನೂ ಇಲ್ಲ!

ಫ್ರಾನ್ಸ್: ಒಂದೇ ಗರಡಿಯ ಆಳುಗಳು

ಫ್ರಾನ್ಸ್‌ನಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯಗಳ ಅಧ್ಯಕ್ಷರು ಬೋಧಕ-ಸಂಶೋಧಕ ವರ್ಗದಿಂದ ಚುನಾಯಿತರಾಗುತ್ತಾರೆ. 2007ರ ಸ್ವಾಯತ್ತತಾ ಕಾಯ್ದೆ ಅವರ ಅಧಿಕಾರವನ್ನು ಗಣನೀಯವಾಗಿ ಹೆಚ್ಚಿಸಿತು. ಆದರೆ ದೇಶದ ಆಳುವ ವರ್ಗವನ್ನು ರೂಪಿಸುವ ಪ್ರತಿಷ್ಠಿತ ಸಂಸ್ಥೆಗಳ ಕಥೆಯೇ ಬೇರೆ.

ಪ್ಯಾರಿಸ್‌ನ ಸಿಯಾನ್ಸ್ ಪೊ ಸಂಸ್ಥೆಯನ್ನೇ ನೋಡಬಹುದು. ಹಂಗಾಮಿ ಮುಖ್ಯಸ್ಥರನ್ನು ಬದಿಗಿಟ್ಟರೆ, 1996ರಿಂದ ಅಲ್ಲಿ ನೇಮಕಗೊಂಡ ನಿರ್ದೇಶಕರು ನಾಲ್ವರು. ರಿಚರ್ಡ್ ದೆಕ್ವಾಂ ಮತ್ತು ಫ್ರೆಡರಿಕ್ ಮಿಯೋಂ ದೇಶದ ಅತ್ಯುನ್ನತ ಆಡಳಿತಾತ್ಮಕ ನ್ಯಾಯಮಂಡಳಿಯ ಅಧಿಕಾರಿಗಳು. ಮಥಿಯಾಸ್ ವಿಷೆರಾ ರೈಲ್ವೆ ಹಾಗೂ ದಾನೋನ್ ಕಂಪನಿಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು. 2024ರಲ್ಲಿ ಬಂದ ಲುಯಿ ವಾಸಿ ರಾಜತಾಂತ್ರಿಕರು. ನಾಲ್ವರೂ ಉನ್ನತ ನಾಗರಿಕ ಸೇವೆಗೆ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಇಎನ್‌ಎ ಎಂಬ ಒಂದೇ ಶಾಲೆಯ ಪದವೀಧರರು. ವಿಷೆರಾ ಮತ್ತು ವಾಸಿ ಇಬ್ಬರೂ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರೋಂ ಅವರ ಸಹಪಾಠಿಗಳು ಕೂಡ. ಎಂಜಿನಿಯರಿಂಗ್ ಶಿಕ್ಷಣಕ್ಕೆ ಹೆಸರಾದ ಎಕೋಲ್ ಪಾಲಿಟೆಕ್ನಿಕ್ 2018ರಲ್ಲಿ ಅಧ್ಯಕ್ಷ ಪೀಠಕ್ಕೆ ತಂದಿದ್ದು ಮೆಕಿನ್ಸಿ ಸಲಹಾ ಸಂಸ್ಥೆಯ ಹಿರಿಯ ಪಾಲುದಾರ ಎರಿಕ್ ಲಾಬೆ ಅವರನ್ನು.

ದೆಕ್ವಾಂ ಕಾಲದಲ್ಲಿ ಸಿಯಾನ್ಸ್ ಪೊ ಬಡ ಬಡಾವಣೆಗಳ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು, ವಿದೇಶಿ ವಿದ್ಯಾರ್ಥಿಗಳನ್ನು ಸೆಳೆಯಿತು. ಅದೇ ಅವಧಿಯ ಆರ್ಥಿಕ ನಿರ್ವಹಣೆಯನ್ನು 2012ರಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ ಕಟುವಾಗಿ ಟೀಕಿಸಿತು. ಆಡಳಿತ ಬಲ್ಲವರೆಂದೇ ಕರೆತಂದವರು ಆಡಳಿತದಲ್ಲಿಯೇ ಎಡವಬಹುದೆಂಬುದಕ್ಕೆ ಇದು ನಿದರ್ಶನ. ನೇಮಿಸುವವರು, ನೇಮಕಗೊಳ್ಳುವವರು, ಪ್ರಶ್ನಿಸಬೇಕಾದವರು ಎಲ್ಲರೂ ಒಂದೇ ಗರಡಿಯಲ್ಲಿ ಪಳಗಿದವರಾದಾಗ ಪ್ರಶ್ನೆಗಳು ತಡವಾಗಿಯೇ ಬರುತ್ತವೆ.

ಜರ್ಮನ್ ನ್ಯಾಯಾಲಯಗಳ ಉತ್ತರ

ಈ ಗೊಂದಲಕ್ಕೆ ಸ್ಪಷ್ಟ ಉತ್ತರ ಹುಡುಕಿದ್ದು ಜರ್ಮನಿಯ ನ್ಯಾಯಾಲಯಗಳು. ಅಲ್ಲಿಯೂ ರಾಜ್ಯ ಸರ್ಕಾರಗಳು ವಿಶ್ವವಿದ್ಯಾಲಯಗಳ ಅಧ್ಯಕ್ಷರಿಗೆ ಹೆಚ್ಚಿನ ಅಧಿಕಾರ ನೀಡಿ, ಹೊರಗಿನ ಸದಸ್ಯರಿರುವ ಮಂಡಳಿಗಳನ್ನು ರಚಿಸಿದ್ದವು. 2006ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಅಧ್ಯಕ್ಷೆಯಾದ ಮೋನಿಕಾ ಔವೆಟರ್-ಕುರ್ಟ್ಸ್ ಬಾಹ್ಯಾಕಾಶ ತಂತ್ರಜ್ಞಾನದ ಪ್ರಾಧ್ಯಾಪಕಿ. ಅವರ ಕಾರ್ಯಶೈಲಿಯ ವಿರುದ್ಧ ಪ್ರಾಧ್ಯಾಪಕರೇ ತಿರುಗಿಬಿದ್ದು, 2009ರಲ್ಲಿ ಅವರು ಹುದ್ದೆ ತೊರೆಯಬೇಕಾಯಿತು.

2014ರ ಜೂನ್ 24ರಂದು, ಹಾನೋವರ್ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ, ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಒಂದು ಸರಳ ಸೂತ್ರ ರೂಪಿಸಿತು. ಬೋಧನೆ-ಸಂಶೋಧನೆಗಳ ಮೇಲೆ ಪರಿಣಾಮ ಬೀರುವ ಅಧಿಕಾರವನ್ನು ಮುಖ್ಯಸ್ಥರಿಗೆ ಎಷ್ಟು ಹೆಚ್ಚು ಕೊಡಲಾಗುತ್ತದೆಯೋ, ಅವರ ಆಯ್ಕೆ ಮತ್ತು ಪದಚ್ಯುತಿಯಲ್ಲಿ ವಿದ್ವತ್ ವರ್ಗದ ಪಾತ್ರವೂ ಅಷ್ಟೇ ಹೆಚ್ಚಬೇಕು ಎಂಬುದು ಅದರ ಸಾರ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದ ಸಾಂವಿಧಾನಿಕ ನ್ಯಾಯಾಲಯ 2016ರ ನವೆಂಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ವಿಶ್ವಾಸ ಕಳೆದುಕೊಂಡ ಮುಖ್ಯಸ್ಥರನ್ನು ಕೆಳಗಿಳಿಸುವ ಶಕ್ತಿ ಪ್ರಾಧ್ಯಾಪಕರ ಕೈಯಲ್ಲಿರಬೇಕೆಂದು ಹೇಳಿತು. 2018ರಲ್ಲಿ ಆ ರಾಜ್ಯದ ಕಾಯ್ದೆಗೆ ತಿದ್ದುಪಡಿಯಾಯಿತು.

ಮುಖ್ಯಸ್ಥರು ಎಲ್ಲಿಂದ ಬಂದವರೆಂದು ನ್ಯಾಯಾಲಯಗಳು ಇಲ್ಲಿ ಕೇಳಲಿಲ್ಲ. ಅವರು ಯಾರಿಗೆ ಉತ್ತರದಾಯಿ ಎಂದು ಕೇಳಿದವು.

ಬೇಲಿ ಎದ್ದು ಹೊಲ ಮೇಯ್ದಾಗ

ಈ ಪ್ರಶ್ನೆಯನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಸ್ತಾಂಬುಲ್ ಮತ್ತು ಹಂಗೇರಿಯ ಘಟನೆಗಳು ಸಾಕ್ಷಿ. 2016ರಲ್ಲಿ ಟರ್ಕಿ ರೆಕ್ಟರ್ ಚುನಾವಣೆಯನ್ನು ರದ್ದುಪಡಿಸಿ, ನೇಮಕವನ್ನು ದೇಶದ ಅಧ್ಯಕ್ಷರ ಕೈಗೆ ಒಪ್ಪಿಸಿತು. 2021ರ ಜನವರಿಯಲ್ಲಿ ಇಸ್ತಾಂಬುಲ್‌ನ ಯುರೋಪ್ ದಂಡೆಯ ಮೇಲಿರುವ ಬೊಗಾಜಿಚಿ ವಿಶ್ವವಿದ್ಯಾಲಯಕ್ಕೆ ಮೆಲಿಹ್ ಬುಲು ನೇಮಕಗೊಂಡರು. ಅವರು ಪ್ರಾಧ್ಯಾಪಕರು, ಡಾಕ್ಟರೇಟ್ ಪಡೆದದ್ದೂ ಅದೇ ವಿಶ್ವವಿದ್ಯಾಲಯದಿಂದ. ಜೊತೆಗೆ, ಆಡಳಿತ ಪಕ್ಷದ ಟಿಕೆಟ್ ಆಕಾಂಕ್ಷಿಯಾಗಿದ್ದವರು. ಅಧ್ಯಾಪಕರು ದಿನವೂ ರೆಕ್ಟರ್ ಕಚೇರಿಗೆ ಬೆನ್ನುಮಾಡಿ ನಿಂತು ಪ್ರತಿಭಟಿಸಿದರು. ಅದೇ ಜುಲೈನಲ್ಲಿ ಅವರನ್ನು ತೆಗೆದುಹಾಕಿದ್ದೂ ಅಧ್ಯಕ್ಷರ ಆದೇಶವೇ. ತಂದವರೇ ಕಳುಹಿಸಿದರು, ವಿಶ್ವವಿದ್ಯಾಲಯದ ಅಭಿಪ್ರಾಯ ಎರಡು ಬಾರಿಯೂ ಲೆಕ್ಕಕ್ಕೆ ಬರಲಿಲ್ಲ.

ಹಂಗೇರಿಯಲ್ಲಿ 2021ರಲ್ಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳನ್ನು ಪ್ರತಿಷ್ಠಾನಗಳಿಗೆ ವಹಿಸಲಾಯಿತು. ‘ಸ್ವಾಯತ್ತತೆ’ ಎಂಬ ಹೆಸರಿನಲ್ಲಿ ರಚನೆಯಾದ ಅವುಗಳ ಮಂಡಳಿಗಳಲ್ಲಿ ಅಧಿಕಾರದಲ್ಲಿದ್ದ ಸಚಿವರೇ ಆಸೀನರಾದರು. 2022ರ ಡಿಸೆಂಬರ್‌ನಲ್ಲಿ ಐರೋಪ್ಯ ಒಕ್ಕೂಟ, ಇಂಥ ಪ್ರತಿಷ್ಠಾನಗಳೊಂದಿಗೆ ವಿದ್ಯಾರ್ಥಿ ವಿನಿಮಯ ಹಾಗೂ ಸಂಶೋಧನಾ ಯೋಜನೆಗಳ ಹೊಸ ಒಪ್ಪಂದಗಳಿಗೆ ತಡೆಯೊಡ್ಡಿತು. ರಾಜಕಾರಣಿಗಳು ಮಾಡಿದ್ದಕ್ಕೆ ದಂಡ ತೆತ್ತವರು ವಿದ್ಯಾರ್ಥಿಗಳು ಮತ್ತು ಸಂಶೋಧಕರು.

ಬೆಂಗಳೂರಿನ ಚರ್ಚೆ

ವಿಶ್ವವಿದ್ಯಾಲಯ ಅನುದಾನ ಆಯೋಗ 2025ರ ಜನವರಿಯಲ್ಲಿ ಪ್ರಕಟಿಸಿದ ಕರಡು ನಿಯಮಾವಳಿ, ಉದ್ಯಮ, ಸಾರ್ವಜನಿಕ ಆಡಳಿತ ಮತ್ತು ಸಾರ್ವಜನಿಕ ವಲಯದ ಉದ್ದಿಮೆಗಳಲ್ಲಿ ಹತ್ತು ವರ್ಷಗಳ ಹಿರಿಯ ಅನುಭವವಿರುವವರಿಗೂ ಕುಲಪತಿ ಹುದ್ದೆಯನ್ನು ತೆರೆಯುವ ಪ್ರಸ್ತಾವ ಮಾಡಿತು. 2018ರ ನಿಯಮದ ಪ್ರಕಾರ ಪ್ರಾಧ್ಯಾಪಕರಾಗಿ ಹತ್ತು ವರ್ಷ ದುಡಿದಿರಬೇಕಿತ್ತು. ಶೋಧನಾ ಸಮಿತಿ ರಚನೆಯಲ್ಲಿ ರಾಜ್ಯ ಸರ್ಕಾರಗಳ ಪಾತ್ರವನ್ನು ಕೈಬಿಟ್ಟು ಕುಲಾಧಿಪತಿಗಳಾದ ರಾಜ್ಯಪಾಲರ ಕೈ ಬಲಪಡಿಸುವ ಅಂಶವೂ ಕರಡಿನಲ್ಲಿತ್ತು. ಇದನ್ನು ವಿರೋಧಿಸಿ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಬಿಜೆಪಿಯೇತರ ಆಳ್ವಿಕೆಯ ರಾಜ್ಯಗಳ ಉನ್ನತ ಶಿಕ್ಷಣ ಸಚಿವರ ಸಮಾವೇಶ ನಡೆಯಿತು.

ಸಾರ್ವಜನಿಕ ಚರ್ಚೆ ಹೆಚ್ಚಾಗಿ ಮೊದಲ ಅಂಶದ ಸುತ್ತಲೇ ಗಿರಕಿ ಹೊಡೆಯಿತು. ಹಿನ್ನೆಲೆಯ ಪ್ರಶ್ನೆ ಮುಖ್ಯವಲ್ಲವೆಂದು ಇದರರ್ಥವಲ್ಲ. ಉತ್ತಮ ವಿದ್ವಾಂಸರು ಮುನ್ನಡೆಸುವ ವಿಶ್ವವಿದ್ಯಾಲಯಗಳು ಸಂಶೋಧನೆಯಲ್ಲಿಯೂ ಮುಂದಿರುತ್ತವೆ ಎಂದು ಬ್ರಿಟನ್ನಿನ ಸಂಶೋಧಕಿ ಅಮಾಂಡ ಗುಡಾಲ್ 2009ರ ತಮ್ಮ ಕೃತಿಯಲ್ಲಿ ವಾದಿಸಿದ್ದಾರೆ. ಹುಡ್ ನಂತರ ಆಕ್ಸ್‌ಫರ್ಡ್ ಆರಿಸಿಕೊಂಡವರೂ ಕ್ರಮವಾಗಿ ಒಬ್ಬ ರಸಾಯನಶಾಸ್ತ್ರಜ್ಞ, ಒಬ್ಬ ರಾಜ್ಯಶಾಸ್ತ್ರಜ್ಞೆ, ಒಬ್ಬ ನರವಿಜ್ಞಾನಿ.

ಆದರೆ ಯುರೋಪಿನ ಎರಡು ದಶಕಗಳ ಅನುಭವ ಹೇಳುವಂತೆ, ನಿರ್ಣಾಯಕವಾದದ್ದು ಎರಡನೆಯ ಅಂಶ. ಆಕ್ಸ್‌ಫರ್ಡ್‌ನಲ್ಲಿ ಉದ್ಯಮದಿಂದ ಬಂದ ಕುಲಪತಿಯನ್ನು ಅಧ್ಯಾಪಕರು ಮತ ಹಾಕಿ ತಡೆಯಬಲ್ಲವರಾಗಿದ್ದರು. ಬೊಗಾಜಿಚಿಯಲ್ಲಿ ಪ್ರಾಧ್ಯಾಪಕನೇ ಆದ ರೆಕ್ಟರ್‌ಗೆ ಬೆನ್ನು ತೋರಿಸುವುದಷ್ಟೇ ಅವರಿಗೆ ಸಾಧ್ಯವಾಯಿತು. ನಮ್ಮಲ್ಲಿ ರಾಜಭವನ ಮತ್ತು ವಿಧಾನಸೌಧಗಳ ನಡುವಿನ ಜಗ್ಗಾಟದಲ್ಲಿ, ತರಗತಿಯಲ್ಲಿ ಕುಳಿತವರಿಗೂ ಅಲ್ಲಿ ನಿಂತು ಪಾಠ ಹೇಳುವವರಿಗೂ ಒಂದು ಮತ ಇರಬೇಕೇ ಎಂದು ಕೇಳಿದವರು ವಿರಳ. ಮುಂದಿನ ಕುಲಪತಿ ಯಾವ ಕ್ಷೇತ್ರದಿಂದ ಬಂದರೂ ಸರಿ, ಆ ಪ್ರಶ್ನೆಗೆ ಉತ್ತರ ಸಿಗದ ಹೊರತು ವಿಶ್ವವಿದ್ಯಾಲಯದ ಸ್ವಾಯತ್ತತೆ ಕಾಗದದ ಮೇಲೆಯೇ ಉಳಿಯುತ್ತದೆ.