ರಕ್ತದ ಒಂದು ಸಂಖ್ಯೆ, ಮಿದುಳಿನ ಭವಿಷ್ಯ

ಮಿದುಳಿನ ಬುಡದಲ್ಲಿರುವ ಧಮನಿಯೊಂದು ಗುಳ್ಳೆಯಂತೆ ಉಬ್ಬಿ, ಒಂದು ದಿನ ಹಠಾತ್ತಾಗಿ ಒಡೆಯುತ್ತದೆ. ರಕ್ತವು ಮಿದುಳನ್ನು ಆವರಿಸಿರುವ ಪೊರೆಗಳ ನಡುವೆ ಹರಡುತ್ತದೆ. ವೈದ್ಯರು ಆ ಉಬ್ಬನ್ನು ಮುಚ್ಚಿ ರೋಗಿಯನ್ನು ಉಳಿಸಿದರೂ ಗಂಡಾಂತರವು ಅಲ್ಲಿಗೆ ಮುಗಿಯುವುದಿಲ್ಲ. ಸುಮಾರು 4ನೆಯ ದಿನದಿಂದ 14ನೆಯ ದಿನದವರೆಗಿನ ಅವಧಿಯಲ್ಲಿ, ಇಂಥ ರೋಗಿಗಳ ಪೈಕಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಮಿದುಳಿನ ಕೆಲವು ಭಾಗಗಳಿಗೆ ರಕ್ತ ಸಾಲದೆ ಮಾತು ತೊದಲಬಹುದು, ಕೈಕಾಲುಗಳು ಸ್ವಾಧೀನ ತಪ್ಪಬಹುದು. ಯಾರಿಗೆ ಹೀಗಾಗುವುದೆಂದು ಮೊದಲೇ ಅರಿಯಲು ಸಾಧ್ಯವೆ?

ಇದಕ್ಕೆ ಉತ್ತರವನ್ನು ಸಂಶೋಧಕರು ರಕ್ತದಲ್ಲಿಯೇ ಅರಸುತ್ತಿದ್ದಾರೆ. ನಮ್ಮ ಬಿಳಿಯ ರಕ್ತಕಣಗಳಲ್ಲಿ ಎರಡು ಬಗೆಗಳು ಮುಖ್ಯವಾದುವು. ಗಾಯವಾದೆಡೆಗೆ ಮೊದಲು ಧಾವಿಸುವುವು ನ್ಯೂಟ್ರೊಫಿಲ್‌ಗಳು. ರೋಗಾಣುಗಳನ್ನು ಗುರುತಿಸಿ ನೆನಪಿಟ್ಟುಕೊಳ್ಳುವುವು ಲಿಂಫೋಸೈಟ್‌ಗಳು. ಆರೋಗ್ಯವಂತನಲ್ಲಿ ಇವು ನೂರಕ್ಕೆ 60 ಮತ್ತು 30ರಷ್ಟಿದ್ದರೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ ನಿಷ್ಪತ್ತಿ 2. ರೋಗಿಯಲ್ಲಿ ಇವು 84 ಮತ್ತು 7 ಆದರೆ ನಿಷ್ಪತ್ತಿ 12. ಆಸ್ಪತ್ರೆ ಸೇರಿದಾಗ ಈ ನಿಷ್ಪತ್ತಿ ಅಧಿಕವಾಗಿದ್ದವರಲ್ಲಿ ಮುಂದಿನ ತೊಡಕುಗಳೂ ಅಧಿಕವೆಂದು ಹಲವು ಅಧ್ಯಯನಗಳು ತಿಳಿಸಿವೆ. ಸಾಮಾನ್ಯ ರಕ್ತಪರೀಕ್ಷೆಯಿಂದಲೇ ಇದು ದೊರೆಯುವುದರಿಂದ ಹೆಚ್ಚಿನ ವೆಚ್ಚವೂ ಇಲ್ಲ.

ಇದು ಸಂತೋಷದ ವಿಷಯವೇ. ಆದರೆ ಸೂಚನೆಯನ್ನೇ ಕಾರಣವೆಂದು ಭಾವಿಸುವುದು ಸಲ್ಲದೆಂದು ನಮ್ಮ ಅಭಿಪ್ರಾಯ. ವಾಯುಭಾರಮಾಪಕದಲ್ಲಿ ಪಾದರಸವು ಕೆಳಗಿಳಿದರೆ ಬಿರುಗಾಳಿಯನ್ನು ನಿರೀಕ್ಷಿಸಬಹುದು. ಪಾದರಸವನ್ನು ಮೇಲೇರಿಸಿದ ಮಾತ್ರಕ್ಕೆ ಬಿರುಗಾಳಿ ನಿಲ್ಲದು. ರಕ್ತಸ್ರಾವವು ತೀವ್ರವಾದಷ್ಟೂ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್‌ಗಳು ಹೆಚ್ಚುತ್ತವೆ; ಅವುಗಳ ಪ್ರಭಾವದಿಂದ ನ್ಯೂಟ್ರೊಫಿಲ್‌ಗಳು ಏರಿ ಲಿಂಫೋಸೈಟ್‌ಗಳು ಇಳಿಯುತ್ತವೆ. ಸೋಂಕು ತಗುಲಿದರೂ, ಸ್ಟಿರಾಯ್ಡ್ ಔಷಧಗಳನ್ನು ಕೊಟ್ಟರೂ ಹೀಗೆಯೇ ಆಗಬಹುದು. ನ್ಯೂಟ್ರೊಫಿಲ್‌ಗಳೇ ಹಾನಿಯಲ್ಲಿ ಪಾಲುಗೊಳ್ಳುತ್ತವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ, ನಿಜ. ಆದರೆ ಮನುಷ್ಯರಲ್ಲಿ ಅದನ್ನು ಸ್ಥಿರಪಡಿಸಲು ನಿಷ್ಪತ್ತಿಯೊಂದೇ ಸಾಲದು.

ಈ ರೋಗದ ಚರಿತ್ರೆಯೇ ನಮಗೆ ಪಾಠವಾಗಬೇಕು. ರಕ್ತಸ್ರಾವದ ಅನಂತರ ಧಮನಿಗಳು ಸಂಕುಚಿತವಾಗುವುದನ್ನು ಎಕರ್ ಮತ್ತು ರೀಮನ್‌ಶ್ನೈಡರ್ 1951ರಲ್ಲಿ ಕ್ಷಕಿರಣ ಚಿತ್ರಗಳಿಂದ ತೋರಿಸಿದರು. ಸಂಕೋಚನವನ್ನು ತಡೆದರೆ ರೋಗಿಯು ಪಾರಾಗುವನೆಂದು ಬಹುಕಾಲ ನಂಬಲಾಗಿತ್ತು. ಕ್ಲಾಜೊಸೆಂಟಾನ್ ಎಂಬ ಔಷಧವು ಸಂಕೋಚನವನ್ನು ಕಡಿಮೆ ಮಾಡುವುದೆಂದು 2008ರಲ್ಲಿ ಪ್ರಕಟವಾದ ಪ್ರಯೋಗದಿಂದ ತಿಳಿಯಿತು. ಆದರೆ 2011ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪ್ರಯೋಗದಲ್ಲಿ ರೋಗಿಗಳ ಅಂತಿಮ ಸ್ಥಿತಿಯೇನೂ ಉತ್ತಮಗೊಳ್ಳಲಿಲ್ಲ. ಇದಕ್ಕೆ ವಿಪರೀತವಾಗಿ, ನಿಮೋಡಿಪಿನ್ ಎಂಬ ಔಷಧವು ಚಿತ್ರದಲ್ಲಿ ಕಾಣುವ ಸಂಕೋಚನವನ್ನು ಹೆಚ್ಚಾಗಿ ತಗ್ಗಿಸದಿದ್ದರೂ ರೋಗಿಗಳಿಗೆ ಹಿತವನ್ನುಂಟುಮಾಡುತ್ತದೆ. ಕಣ್ಣಿಗೆ ಕಂಡುದೆಲ್ಲ ಕಾರಣವಲ್ಲ.

ಆದುದರಿಂದ ಆಗಬೇಕಾದ ಕಾರ್ಯವು ಸ್ಪಷ್ಟವಾಗಿದೆ. ನಿಷ್ಪತ್ತಿಯ ಮಿತಿಯನ್ನು ಮೊದಲೇ ಗೊತ್ತುಪಡಿಸಿ, ಹೊಸ ರೋಗಿಗಳಲ್ಲಿ ಅದನ್ನು ಒರೆಗೆ ಹಚ್ಚಬೇಕು. ರೋಗಿಯ ಪರೀಕ್ಷೆಯಿಂದಲೂ ಸಿ.ಟಿ. ಸ್ಕ್ಯಾನ್‌ನಿಂದಲೂ ತಿಳಿಯುವುದಕ್ಕಿಂತ ಹೆಚ್ಚಿನದೇನನ್ನಾದರೂ ಈ ಸಂಖ್ಯೆಯು ತಿಳಿಸುವುದೆ, ಅದನ್ನು ನಂಬಿ ನಡೆದರೆ ಜೀವಗಳು ಉಳಿಯುವುವೆ ಎಂದು ನೋಡಬೇಕು. ಅಲ್ಲಿಯವರೆಗೆ ಈ ಸಂಖ್ಯೆಯು ಎಚ್ಚರಿಕೆಯ ಗಂಟೆಯೇ ಹೊರತು ತೀರ್ಪಲ್ಲ. ಸಂಖ್ಯೆ ಕಡಿಮೆಯೆಂದು ಒಬ್ಬ ರೋಗಿಯ ಕಾವಲನ್ನು ಸಡಿಲಿಸುವುದೂ, ಹೆಚ್ಚೆಂದು ಇನ್ನೊಬ್ಬನ ಆಸೆಯನ್ನು ಬಿಡುವುದೂ ಸಮನಾದ ಅಪರಾಧಗಳು.

ನಾಳೆ ವೈದ್ಯರೋ ವಿಜ್ಞಾನಿಗಳೋ ಆಗಲಿರುವ ವಿದ್ಯಾರ್ಥಿಗಳು, ಎರಡು ಸಂಗತಿಗಳು ಜೊತೆಯಾಗಿ ಕಂಡೊಡನೆ ಒಂದನ್ನು ಇನ್ನೊಂದರ ಕಾರಣವೆಂದು ಒಪ್ಪದೆ, ಎರಡಕ್ಕೂ ಮೂಲವಾದ ಮೂರನೆಯದೊಂದು ಇರಬಹುದೇ ಎಂದು ಕೇಳುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಲಿ.