ತೈಲದ ಬೆಲೆ, ಯೋಜನೆಯ ನೆಲೆ

ಅರ್ಥವ್ಯವಸ್ಥೆಯಲ್ಲಿ ಬೆಲೆಯೆಂಬುದು ದೂತನಿದ್ದಂತೆ. ಅಪ್ರಿಯವಾದ ವಾರ್ತೆಯನ್ನು ತಂದನೆಂದು ದೂತನನ್ನು ಬಾಗಿಲಾಚೆ ನಿಲ್ಲಿಸಿದ ಮಾತ್ರಕ್ಕೆ ಆ ವಾರ್ತೆಯು ಸುಳ್ಳಾಗದು. ಪೂರ್ವ ಯೂರೋಪಿನ ಸಮಾಜವಾದಿ ರಾಷ್ಟ್ರಗಳ ಚರಿತ್ರೆಯು ಈ ಮಾತಿಗೆ ಸ್ಪಷ್ಟ ನಿದರ್ಶನವಾಗಿದೆ.

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧದ ಕಿಡಿ ಹೊತ್ತಿತು. ಪೀಪಾಯಿಯೊಂದಕ್ಕೆ ಸುಮಾರು 3 ಡಾಲರುಗಳಿದ್ದ ಕಚ್ಚಾ ತೈಲದ ಬೆಲೆಯು 1974ರ ಆರಂಭದ ವೇಳೆಗೆ ಹೆಚ್ಚುಕಡಿಮೆ ನಾಲ್ಮಡಿಯಾಯಿತು. ಪಶ್ಚಿಮ ರಾಷ್ಟ್ರಗಳೂ ಜಪಾನೂ ತತ್ತರಿಸಿದವು. ಆದರೆ ಆ ಪೆಟ್ಟಿನಿಂದಲೇ ಇಂಧನದ ಮಿತವ್ಯಯವನ್ನು ಕಲಿತವು. ಪೂರ್ವದ ರಾಷ್ಟ್ರಗಳಿಗಾದರೋ ‘ದ್ರುಝ್ಬಾ’, ಎಂದರೆ ಮೈತ್ರಿ, ಎಂಬ ಹೆಸರಿನ ಕೊಳವೆಮಾರ್ಗದಿಂದ ಸೋವಿಯತ್ ತೈಲವು ಹರಿದುಬರುತ್ತಿತ್ತು. 1975ರಿಂದ ಅದರ ಬೆಲೆಯನ್ನು ಹಿಂದಿನ ವರ್ಷಗಳ ಜಾಗತಿಕ ಬೆಲೆಯ ಸರಾಸರಿಯಂತೆ ವರ್ಷವರ್ಷವೂ ನಿಗದಿಪಡಿಸುವ ಪದ್ಧತಿ ಬಂದಿತು. ಹೀಗಾಗಿ ಬಿಸಿಯು ತಡವಾಗಿ ತಟ್ಟಿತು. ಉತ್ಪಾದನೆಯ ಮೊತ್ತವೇ ಮುಖ್ಯವಾಗಿದ್ದ ಕಾರ್ಖಾನೆಗಳಿಗೆ ಇಂಧನವನ್ನು ಉಳಿಸುವ ಅಗತ್ಯವೇ ತೋರಲಿಲ್ಲ.

ಮುಂದೂಡಿದ ಋಣವು ತೀರಿದ ಋಣವಲ್ಲ. 1979ರಲ್ಲಿ ಇರಾನಿನ ಕ್ರಾಂತಿಯೊಡನೆ ಬೆಲೆಯು ಮತ್ತೆ ಜಿಗಿಯಿತು. 1980ರ ದಶಕದಲ್ಲಿ ಜಾಗತಿಕ ಬೆಲೆಯು ಇಳಿಮುಖವಾದಾಗಲೂ ಸರಾಸರಿಯ ಲೆಕ್ಕವು ಈ ರಾಷ್ಟ್ರಗಳ ಹೊರೆಯನ್ನು ಏರಿಸುತ್ತಲೇ ಹೋಯಿತು. ಸಾಲದ ಮೇಲೆ ಸಾಲ ಮಾಡಿದ ಪೋಲೆಂಡು 1981ರಲ್ಲಿ ಮರುಪಾವತಿಗೆ ಅಶಕ್ತವಾಯಿತು. 1982ರಲ್ಲಿ ಸೋವಿಯತ್ ಒಕ್ಕೂಟವು ಸರಬರಾಜನ್ನು ಕಡಿತಗೊಳಿಸಲು, ಪೂರ್ವ ಜರ್ಮನಿಯು ಕಂದು ಕಲ್ಲಿದ್ದಲಿಗೆ ಮೊರೆಹೊಕ್ಕು ತನ್ನ ಗಾಳಿಯನ್ನೇ ಕೆಡಿಸಿಕೊಂಡಿತು.

ರೊಮೇನಿಯದ ಕಥೆ ಇನ್ನೂ ಕರುಣಾಜನಕ. ಸ್ವಂತ ತೈಲಬಾವಿಗಳಿದ್ದ ಆ ದೇಶವು ತನ್ನ ಉತ್ಪನ್ನವನ್ನು ಮೀರಿದ ಶುದ್ಧೀಕರಣಾಗಾರಗಳನ್ನು ಕಟ್ಟಿ, ಹೊರಗಿನ ತೈಲಕ್ಕೆ ಕೈಯೊಡ್ಡಿತು. ಸಾಲವು ಬೆಳೆದಾಗ ಚೌಷೆಸ್ಕು ಅದನ್ನು ಪೂರ್ಣ ತೀರಿಸುವ ಹಟ ತೊಟ್ಟನು. ದೇಶದ ಆಹಾರವು ರಫ್ತಾಯಿತು. ಜನರು ಚಳಿಗಾಲದಲ್ಲಿ ಬೆಚ್ಚಗಿಲ್ಲದ ಮನೆಗಳಲ್ಲಿ ಮಂದದೀಪದಡಿ ನಡುಗಿದರು. 1989ರಲ್ಲಿ ಸಾಲ ತೀರಿತು; ಅದೇ ವರ್ಷದ ಡಿಸೆಂಬರಿನಲ್ಲಿ ಆಳ್ವಿಕೆಯೂ ತೀರಿತು.

ಕೊಟ್ಟವನಾದರೂ ಸುಖಿಯಾದನೇ? ಸೈಬೀರಿಯದ ತೈಲವನ್ನು ಮಾರಿ ಬಂದ ಡಾಲರುಗಳಿಂದ ಸೋವಿಯತ್ ಒಕ್ಕೂಟವು ಧಾನ್ಯವನ್ನೂ ಯಂತ್ರಗಳನ್ನೂ ಕೊಂಡಿತು. ಕೃಷಿಯ ಮತ್ತು ಕೈಗಾರಿಕೆಯ ಸುಧಾರಣೆಯನ್ನು ಮುಂದೂಡಿತು. 1986ರಲ್ಲಿ ಬೆಲೆಯು ಅರ್ಧಕ್ಕೂ ಕೆಳಗೆ ಕುಸಿದಾಗ ಆ ಊರುಗೋಲು ಮುರಿಯಿತು. 1991ರ ವಿಘಟನೆಗೆ ತೈಲವೊಂದೇ ಕಾರಣವಲ್ಲ. ಆದರೆ ಮುಚ್ಚಿಟ್ಟ ದೌರ್ಬಲ್ಯವನ್ನು ಬಯಲಿಗೆ ತಂದದ್ದರಲ್ಲಿ ಅದರ ಪಾತ್ರ ಹಿರಿದು.

ಇದರಿಂದ ಸಮಾನತೆಯ ಆದರ್ಶವೇ ಹುಸಿಯೆನ್ನುವುದು ಅವಸರದ ಮಾತು. ಬಡವನನ್ನು ಬೆಲೆಯೇರಿಕೆಯಿಂದ ಕಾಪಾಡುವುದು ರಾಜಧರ್ಮ. ಆದರೆ ನೆರವು ನೀಡುವುದು ಬೇರೆ, ನಿಜವನ್ನು ಮರೆಮಾಡುವುದು ಬೇರೆ. ಆಳುವವರು ಬಚ್ಚಿಟ್ಟ ಲೆಕ್ಕವನ್ನು ಕಡೆಗೆ ತೆರುವವರು, ಆ ಲೆಕ್ಕವನ್ನೆಂದೂ ಕಾಣದ ಸಾಮಾನ್ಯ ಜನರೇ. ಯೋಜನೆಯು ಎಷ್ಟೇ ಉದಾತ್ತವಾಗಿರಲಿ, ಸತ್ಯದ ತಳಹದಿಯಿಲ್ಲದಿದ್ದರೆ ಅದು ನಿಲ್ಲಲಾರದು.